ಖಾಲಿ ಹೊಟ್ಟೆಯ ನಾಯಕಿ

“ಗುರುಗಳೇ, ಹೊಟ್ಟೆ ನನ್ನದು. ಉಣ್ಣುವುದು, ಬಿಡುವುದು ನನ್ನಿಷ್ಟ. ಅದರಿಂದ ತಂಡಕ್ಕೇನು ನಷ್ಟ?”

ಕೇಳಿದವಳು ನೀಲಾಂಬಿಕಾ, ಕಾಲೇಜಿನ ಕಬಡ್ಡಿ ತಂಡದಲ್ಲಿ ಎಲ್ಲರಿಗಿಂತ ಚುರುಕಾದವಳು. ತಿಂಡಿ ಬಿಟ್ಟು ಅಭ್ಯಾಸಕ್ಕೆ ಬಂದಿದ್ದಕ್ಕೆ ಗುರುಗಳು ಆಗಷ್ಟೇ ಅವಳನ್ನು ಗದರಿಸಿದ್ದರು. ಈಗ ಅವರು ಗದರಿಸಲಿಲ್ಲ. ಅಂಕಣದ ಅಂಚಿನಲ್ಲಿ ಕುಳಿತು ಒಂದು ಕತೆ ಹೇಳಿದರು.

ಒಂದು ಕಾಲೇಜಿನ ಕಬಡ್ಡಿ ತಂಡಕ್ಕೆ ಒಬ್ಬಳು ನಾಯಕಿ ಇದ್ದಳು. ಅವಳು ಎದುರಾಳಿಯ ಕಾಲು ಹಿಡಿದರೆ ಬಿಡಿಸಿಕೊಂಡು ಹೋದವರಿಲ್ಲ. ಹೊಟ್ಟೆ ತುಂಬಿದರೆ ಮೈ ಭಾರ, ಮೈ ಭಾರವಾದರೆ ಆಟ ನಿಧಾನ ಎಂದು ಅವಳು ಬಲವಾಗಿ ನಂಬಿದ್ದಳು. ಬೆಳಿಗ್ಗೆ ಹಾಸ್ಟೆಲಿನಲ್ಲಿ ಉಪ್ಪಿಟ್ಟು ಬಡಿಸುವಾಗ ಅವಳು ಬರೀ ಚಹಾ ಕುಡಿದು ಏಳುತ್ತಿದ್ದಳು. ರಾತ್ರಿ ಅರ್ಧ ರೊಟ್ಟಿ ಮುರಿದು ತಟ್ಟೆ ಸರಿಸುತ್ತಿದ್ದಳು. ಹುಟ್ಟಿನಿಂದ ಗಟ್ಟಿ ದೇಹ, ಹೇಗೋ ತಡೆದುಕೊಂಡಿತು. ಬೇರೆಯವರಿಗೆ ಹೀಗೆ ಮಾಡಿ ಎಂದು ಅವಳು ಒಂದು ಮಾತೂ ಹೇಳಿದವಳಲ್ಲ.

ಸೆಮಿಫೈನಲ್ ಪಂದ್ಯ ಬಂತು. ಕೊನೆಯ ಗಳಿಗೆಯಲ್ಲಿ ಎರಡೂ ತಂಡ ಸಮಸಮ. ಎದುರಾಳಿ ದಾಳಿಗೆ ಬಂದಳು. ನಾಯಕಿ ಪಕ್ಕದ ಹುಡುಗಿಯ ಕೈ ಹಿಡಿದುಕೊಂಡೇ ಹಾರಿ ಕಾಲಿಗೆ ಬಿದ್ದಳು. ಕಾಲು ಸಿಕ್ಕಿತು. ಆದರೆ ಪಕ್ಕದ ಕೈ ಜಾರಿಹೋಯಿತು. ಎದುರಾಳಿ ಒಬ್ಬಂಟಿ ನಾಯಕಿಯನ್ನು ಎಳೆದುಕೊಂಡೇ ಹೋಗಿ ನಡುಗೆರೆ ಮುಟ್ಟಿದಳು. ಪಂದ್ಯ ಕೈತಪ್ಪಿತು.

ನಾಯಕಿ ಸಿಟ್ಟಿನಿಂದ ತಿರುಗಿದಳು. ಆ ಹುಡುಗಿ ಕಣ್ಣುಕತ್ತಲೆ ಬಂದು ಮಣ್ಣಿನಲ್ಲಿ ಬಿದ್ದಿದ್ದಳು. ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟಳು.

“ಏನಾಯ್ತೇ ನಿನಗೆ?”

“ನಿನ್ನೆಯಿಂದ ಏನೂ ತಿಂದಿಲ್ಲ ಅಕ್ಕ.”

“ಯಾಕೆ?”

“ನೀವೂ ತಿನ್ನಲ್ವಲ್ಲ ಅಕ್ಕ. ನಿಮ್ಮ ಹಾಗೆ ಆಡಬೇಕು ಅಂತಿತ್ತು.”

ನಾಯಕಿ ಉಳಿದವರ ಮುಖ ನೋಡಿದಳು. ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು; ಅವರಲ್ಲೂ ಹಲವರು ಊಟ ಬಿಟ್ಟವರೇ.

ಮರುದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಪಂಕ್ತಿಯಲ್ಲಿ ಕುಳಿತಳು. ತಟ್ಟೆ ತುಂಬ ಹಾಕಿಸಿಕೊಂಡಳು. ಮೊದಲ ತುತ್ತನ್ನು ನೀರು ಕುಡಿದು ನುಂಗಿದಳು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕುಳಿತರು. ಕೆಲವು ದಿನ ಅವಳಿಗೆ ಮೈ ನಿಜಕ್ಕೂ ಭಾರವೆನಿಸಿತು, ಓಟದಲ್ಲಿ ಹಿಂದೆ ಬಿದ್ದಳು. ಆದರೂ ಊಟ ಬಿಡಲಿಲ್ಲ. ಕ್ರಮೇಣ ಮೈ ಹದಕ್ಕೆ ಬಂತು. ಅಭ್ಯಾಸದ ಕೊನೆಗೆ ಮಂಕಾಗುತ್ತಿದ್ದ ಹುಡುಗಿಯರು ಕೊನೆಯವರೆಗೂ ಕೂಗುತ್ತ ಆಡತೊಡಗಿದರು. ಮುಂದಿನ ವರ್ಷ ಅದೇ ತಂಡ ಅದೇ ಎದುರಾಳಿಯನ್ನು ಸೋಲಿಸಿ ಕಪ್ ಗೆದ್ದು ತಂದಿತು.

ಗುರುಗಳು ಕತೆ ನಿಲ್ಲಿಸಿದರು. ನೀಲಾಂಬಿಕಾ ಸೋಲೊಪ್ಪಲಿಲ್ಲ.

“ಆದರೂ ಗುರುಗಳೇ, ಊಟ ಬಿಟ್ಟರೂ ನಾಯಕಿ ಗಟ್ಟಿಯಾಗಿಯೇ ಹಿಡಿದಿದ್ದಳಲ್ಲ? ಕೈಬಿಟ್ಟವಳು ಆ ಹುಡುಗಿ ತಾನೇ?”

ಗುರುಗಳು ಮೇಲೆದ್ದು ಪಂಚೆಯ ಮಣ್ಣು ಕೊಡವಿದರು.

“ಆ ಹುಡುಗಿ ಬಿದ್ದಳು, ಅಷ್ಟೇ. ಕೈಬಿಟ್ಟವಳು ನಾಯಕಿ.”