ನೀಲಿ ಹಕ್ಕಿ ಬಟ್ಟಲು, ನಾಲ್ಕು ಮುದ್ರೆ ಹಸು

ಕೇಳ್ರಪ್ಪಾ, ನಡುವೆ ಬಾಯಿ ಹಾಕಬೇಡಿ. ಪುಟ್ಟನಂಜವ್ವ ಅಂತ ಒಬ್ಬಳು. ಅವಳಿಗೊಬ್ಬ ಮಗ, ಸಣ್ಣೀರ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಳಕಾಲಿಗೇ ನಿಂತಿತ್ತು. ಅವ್ವನಿಗೆ ಒಂದೇ ಆಸೆ: ಸಾಯೋದರೊಳಗೆ ಮನೆ ಹಸುವಿನ ಹಾಲು ಹಾಕಿ ಒಂದು ಲೋಟ ಕಾಫಿ ಕುಡೀಬೇಕು. ಕರೀ ಕಾಫಿ ಕುಡಿದೂ ಕುಡಿದೂ ನಾಲಿಗೆ ಕಹಿಯಾಗಿತ್ತು, ಪಾಪ.

ಮನೇಲಿ ಒಂದು ಪಿಂಗಾಣಿ ಬಟ್ಟಲಿತ್ತು. ಸಣ್ಣೀರನ ತಾತ ಬಿಳೀ ದೊರೆ ಬಂಗಲೇಲಿ ಅಡುಗೆ ಮಾಡ್ತಿದ್ದಾಗ ದೊರೆಸಾನಿ ಕೊಟ್ಟದ್ದು. ಮೈಮೇಲೆ ಕೈಯಲ್ಲೇ ಬರೆದ ನೀಲಿ ಹಕ್ಕಿ. ಪೇಟೆಯ ಶಾಮಣ್ಣಯ್ಯನಿಗೆ ಇಂಥ ಹಳೇ ಪಿಂಗಾಣಿ ಕೂಡಿಡೋ ಹುಚ್ಚು. "ಬಟ್ಟಲು ಕೊಡು, ಹಾಲು ಕರೆಯೋ ಹಸು ಕೊಡ್ತೀನಿ" ಅಂದಿದ್ದ.

"ಮಗಾ, ಬಟ್ಟಲ ಮೇಲಿಂದ ಕಣ್ಣು ತೆಗೀಬೇಡ!" ಅಂತ ಹೇಳಿ, ಬಟ್ಟಲು ಕೊಟ್ಟು ಕಳಿಸಿದಳು ಅವ್ವ.

ತೆಗೀಲಿಲ್ಲ. ಶಾಮಣ್ಣಯ್ಯನ ಮನೆ ದಾಟಿದ, ಪೇಟೆ ದಾಟಿದ, ಸೀದಾ ಹೋಗಿ ತಿಪ್ಪೆಗುಂಡಿಗೆ ಬಿದ್ದ. ಬಟ್ಟಲನ್ನ ಮಾತ್ರ ಎತ್ತಿ ಹಿಡಿದಿದ್ದ.

"ಅಯ್ಯೋ ಮಂಕೇ! ದಾರಿ ನೋಡ್ಕೊಂಡು ಹೋಗಬಾರದಾ?"

"ಹೂಂ ಕಣವ್ವಾ!"

ಮಾರನೇ ದಿನ ದಾರಿ ಒಂದನ್ನೇ ನೋಡ್ಕೊಂಡು ಹೋದ. ಬಾಗಿಲಲ್ಲಿ ನಿಂತಿದ್ದ ಶಾಮಣ್ಣಯ್ಯನ ಹೆಂಡತಿಗೆ ಢೀ! ಮೊದಲೇ ಸಿಟ್ಟು, ಮೇಲೆ ಇವನ ಕೈಲಿ ಬರೀ ಬಟ್ಟಲು.

"ಶುಕ್ರವಾರ ಖಾಲಿ ಪಾತ್ರೆ ತಂದು ಕೊಡ್ತೀಯಾ? ನಡಿ ಆಚೆ!"

ಅವ್ವ ಹಣೆ ಚಚ್ಚಿಕೊಂಡಳು. "ಯಾರಾದ್ರೂ ಬರೀ ಪಾತ್ರೆ ಕೊಡ್ತಾರೇನ್ಲಾ? ಏನಾದ್ರೂ ಹಾಕಿ ಕೊಡಬೇಕು!"

"ಹೂಂ ಕಣವ್ವಾ!"

ಮೂರನೇ ದಿನ ಬಟ್ಟಲ ತುಂಬ ಬಸ್ಸಾರು ತುಂಬಿಸ್ಕೊಂಡು ಹೋದ. ಶಾಮಣ್ಣಯ್ಯ ಹಕ್ಕಿ ನೋಡಿ ಕುಣಿದಾಡಿದ. "ಬೇಗ ತಳ ತೋರಿಸೋ, ಮಾಡಿದೋರು ಒತ್ತಿದ ಮುದ್ರೆ ನೋಡಬೇಕು!"

ತೋರಿಸಿದ. ಸಾರೆಲ್ಲ ಬಿಳೀ ಪಂಚೆ ಮೇಲೆ!

"ಥೂ ಬೆಪ್ಪೇ! ಯಾವ ಮಾಲೇ ಆಗಲಿ, ಕೈಗೆ ಕೊಡೋ ಮುಂಚೆ ಒಳಗಿರೋದನ್ನೆಲ್ಲ ಚೆಲ್ಲಿ, ಒರೆಸಿ, ಆಮೇಲೆ ತಾನೇ ತಳ ನೋಡೋದು!"

"ಹೂಂ ಕಣಯ್ಯಾ!"

ಮುದ್ರೆ ಅಸಲಿಯೇ. ಪಂಚೆ ಹಾಳಾಗಿ ಹೋಗಲಿ ಅಂತ ಶಾಮಣ್ಣಯ್ಯ ಹಸುವಿನ ಹಗ್ಗ ಇವನ ಕೈಗಿಟ್ಟ.

ಸುದ್ದಿ ಮುಟ್ಟಿದ್ದೇ ಅವ್ವ ಬೆಲ್ಲ ಹಾಕಿ ಕಾಫಿ ಕಾಯಿಸಿ, ಲೋಟದಲ್ಲಿ ಹಾಲಿಗೆ ಜಾಗ ಬಿಟ್ಟು ಕಾದಳು. ಮಗ ಬರಲಿಲ್ಲ. ಲೋಟ ಹಿಡಿದೇ ಎದುರು ಹೊರಟಳು. ನೋಡ್ತಾಳೆ, ಹುಣಸೇಮರದ ಹತ್ರ ದಾರಿಯೆಲ್ಲ ಹಾಲು! ಲಾಳ ಕಟ್ಟೋರು ಎತ್ತನ್ನ ಕೆಡವ್ತಾರಲ್ಲ, ಹಂಗೆ ಹಸೂನ ಕೆಡವಿ, ಕಾಲು ಕಟ್ಟಿ, ಹೊಟ್ಟೆ ಮೇಲೆ ಮಾಡಿ ಮಲಗಿಸಿದ್ದಾನೆ!

"ಅವ್ವಾ, ನಿನ್ನ ಕೈಗೆ ಕೊಡೋ ಮುಂಚೆ ತಳ ನೋಡಿದೆ! ಒಂದಲ್ಲ, ನಾಲ್ಕು ಮುದ್ರೆ ಐತೆ! ಹಾಳಾದ್ದು, ನಾಲ್ಕೂ ಸೋರ್ತಿದ್ವು. ಒಂದು ತೊಟ್ಟೂ ಬಿಡದಂಗೆ ಚೆಲ್ಲಿ, ಒರೆಸಿ ಇಟ್ಟಿದೀನಿ!"

ಅವ್ವ ಇನ್ನೇನು ಮಾಡ್ತಾಳೆ? ಹಸುವಿನ ಪಕ್ಕದಲ್ಲೇ ಕೂತು ಕರೀ ಕಾಫೀನೇ ಕುಡಿದಳು.