ಕೋತಿಯ ಕುಡಿಕೆ

ಮೊಲಗಳಿಗೂ ಆಡುಗಳಿಗೂ ಫುಟ್‌ಬಾಲ್ ಫೈನಲ್ ಇತ್ತು. ನೋಡಲು ಬಂದವರಿಗೆ ಮೈದಾನದ ಪಕ್ಕದ ಗೋಣಿಮರವೇ ಗ್ಯಾಲರಿ. ಮರದ ಬುಡದಲ್ಲಿ ಕರಡಿ ಕಾವಲು ನಿಂತಿತ್ತು.

ಹೆಂಡದ ಕುಡಿಕೆ ಹಿಡಿದು ಬಂದ ಕೋತಿಯನ್ನು ಅದು ತಡೆಯಿತು. "ಕುಡಿಕೆ ಹಿಡಿದು ಮರದ ಮೇಲೆ ಹೋಗುವಂತಿಲ್ಲ. ಇದು ನಿಯಮ."

"ಆಟ ಮುಗಿಯೋವರೆಗೂ ಒಂದೊಂದೇ ಗುಟುಕು ಕುಡೀತೀನಿ ಮಾವ, ಅಷ್ಟೇ."

"ಆಗಲ್ಲ ಅಂದ್ರೆ ಆಗಲ್ಲ."

"ಹಾಗಾದ್ರೆ ಇಲ್ಲೇ ಮುಗಿಸ್ತೀನಿ" ಎಂದು ಕೋತಿ ಕುಡಿಕೆಯನ್ನು ಎತ್ತಿ ಒಂದೇ ಉಸಿರಿಗೆ ಖಾಲಿ ಮಾಡಿತು.

ಹಿಂದೆ ಮರಿಯೊಂದಿಗೆ ನಿಂತಿದ್ದ ಅಳಿಲಿಗೆ ಚಡಪಡಿಕೆ ಶುರುವಾಯಿತು. "ಮಾವ, ಇವನು ಕೂರೋದು ನಮ್ಮ ಕೊಂಬೇಲೇ. ಈಗ ಬಿಡಬೇಡಿ."

"ಕೈ ಖಾಲಿ ಇದೆಯಲ್ಲಮ್ಮ" ಎಂದು ಕರಡಿ ದಾರಿ ಬಿಟ್ಟಿತು.

ಕೊಂಬೆ ಹತ್ತಿದ ಅಳಿಲು ಒಮ್ಮೆ ತುದಿಗೆ ಸರಿಯಿತು, ಮತ್ತೆ ಬುಡಕ್ಕೆ ಬಂತು, ಮರಿಯನ್ನು ಆ ಕಡೆಯಿಂದ ಈ ಕಡೆಗೆ ಕೂರಿಸಿಕೊಂಡಿತು. ಆಟದ ಕಡೆ ಅದರ ಕಣ್ಣೇ ಹೋಗಲಿಲ್ಲ. ಅಷ್ಟರಲ್ಲಿ ಮೊಲಗಳು ಗೋಲು ಹೊಡೆದವು. ಕೋತಿ ಕೊಂಬೆಯ ಮೇಲೆ ಧಡಧಡ ಕುಪ್ಪಳಿಸಿತು, ಮರಿ ಜಾರಿತು. ಅಳಿಲು ಅದರ ಬಾಲವನ್ನು ಕಚ್ಚಿ ಹಿಡಿದು ಮೇಲಕ್ಕೆಳೆಯಿತು.

ಗಲಾಟೆ ಕೇಳಿ ಕರಡಿ ಮರವೇರಿ ಬಂತು. ಕೋತಿಯ ಎರಡೂ ಕೈಗಳನ್ನು ತಿರುಗಿಸಿ ನೋಡಿತು. "ಕುಡಿಕೆ ಇಲ್ಲವಲ್ಲ. ಯಾವ ನಿಯಮವೂ ಮುರಿದಿಲ್ಲ."

ನಡುಗುವ ಮರಿಯನ್ನು ಅವಚಿಕೊಂಡ ಅಳಿಲು ಹೇಳಿತು: "ನಿಯಮ ಕೆಳಗೆ ನಿಮ್ಮ ಹತ್ತಿರವೇ ನಿಂತಿತ್ತು, ಮಾವ. ಇವನ ಪಕ್ಕ ಕೂತಿದ್ದು ನಾವು."