ಮೇಲೊಂದು ಹಿಡಿ

ಹೂಂ ಅಂತಿರಬೇಕು ಮತ್ತೆ. ತೂಕಡಿಸಿದರೆ ಕತೆ ಅಲ್ಲೇ ನಿಂತುಬಿಡುತ್ತೆ.

ಒಂದೂರಲ್ಲಿ ಜವನಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಮೊಗಣ್ಣ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ ಮಾತು ಮೀರೋನಲ್ಲ ಮಹಾರಾಯ! ಅದೇ ಅವ್ವನ ಕರ್ಮ.

ಕೆರೆ ಆಚೆ ಊರಲ್ಲಿ ಜವನಮ್ಮನ ಅಣ್ಣನ ಮನೆ. ಅಣ್ಣನ ಮೂರು ಮಕ್ಕಳು, ಅತ್ತೆ ಮನೇಲಿ ನಾಲ್ಕು ದಿನ ಇದ್ದು ಬರ್ತೀವಿ ಅಂತ ಹಟ ಹಿಡಿದವು. ಬೆಳಗ್ಗೆ ಕರೆತರೋಕೆ ಹೋದ ಮೊಗಣ್ಣನ ಮುಂದೆ ಮಕ್ಕಳ ತಾಯಿ ನಂಜಮ್ಮಣ್ಣಿ ಮೂತಿ ತಿರುವಿದಳು. "ಕರಕೊಂಡು ಹೋಗಪ್ಪ! ನಿಮ್ಮನೆ ಅನುಕೂಲ ನಂಗೊತ್ತಿಲ್ವ? ದೀಪ ಹಚ್ಚೋ ಹೊತ್ತಿಗೆ ಹಸ್ಕೊಂಡು ವಾಪಸ್ ಬರ್ತವೆ."

ಮೊಗಣ್ಣ ಅದನ್ನೂ ಒಂದಕ್ಷರ ಬಿಡದೆ ಅವ್ವನಿಗೆ ಒಪ್ಪಿಸಿದ.

ಜವನಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಒಲೆಗೆ ಮಾತ್ರ ಬಿದ್ದಿರಲಿಲ್ಲ! ಮಕ್ಕಳು ಹೊಟ್ಟೆ ತುಂಬ ಒಬ್ಬಟ್ಟು ಉಣ್ಣಬೇಕು, ಅತ್ತಿಗೆ ಬಾಯಿ ಮುಚ್ಚಬೇಕು, ಅಷ್ಟೇ ಅವಳ ಆಸೆ. ಮನೇಲಿ ಬೇಳೆ ಇತ್ತು, ಬೆಲ್ಲ ಇತ್ತು. ಎಣ್ಣೆ, ಬೆಂಕಿ, ಹಿಟ್ಟು, ಇಷ್ಟು ಬಿಟ್ಟರೆ ಒಬ್ಬಟ್ಟಿಗೆ ಏನೂ ಕೊರತೆ ಇಲ್ಲ!

"ಪಕ್ಕದ ಮನೆ ಸಾಕಮ್ಮನ ಹತ್ರ ಒಂದು ಬಟ್ಟಲು ಎಣ್ಣೆ ಇಸ್ಕೊಂಡು ಬಾ ಮಗ."

ಹೋದ, ತಂದ. ಆ ಮಕ್ಕಳೂ ಸಾಕಮ್ಮನ ಮಗ ದುಂಡನೂ ಅಂಗಳದಲ್ಲಿ ಆಡುತ್ತಿದ್ದರು. ಅವರ ಮಧ್ಯೆ ನಿಂತು ಕೂಗಿದ: "ಅವ್ವಾ! ಎಣ್ಣೆ ಕೊಟ್ಟಳು! ಹೋದ ಸಲದ್ದೇ ಬಂದಿಲ್ಲ ಅಂದಳು!"

"ಥೂ, ಮಾನ ಕಳೆದೆಯಲ್ಲೋ! ಎರವಲು ತಂದದ್ದನ್ನ ಪಂಚೆ ಒಳಗೆ ಮುಚ್ಕೊಂಡು ಸದ್ದಿಲ್ಲದೆ ತರಬೇಕು ಕಣೋ!"

"ಹಂಗೇ ಆಗಲವ್ವ."

ಆಮೇಲೆ ಕೆಂಡ ತರೋಕೆ ಹೋದ. ಪಂಚೆ ಒಳಗೆ ಮುಚ್ಚಿಕೊಂಡ. ಸದ್ದಿಲ್ಲದೆ ಬರೋಕೇ ನೋಡಿದ, ಪಾಪ. ಕೆಂಡ ಬಿಡಬೇಕಲ್ಲ! ಅಂಗಳದ ತುಂಬ ಕುಣಿದ. "ಭಾವ ಕುಣೀತಾನೆ!" ಅಂತ ಮಕ್ಕಳು ಚಪ್ಪಾಳೆ ಹೊಡೆದವು. ಜವನಮ್ಮ ಬಿದ್ದ ಕೆಂಡ ಆಯ್ದು ಒಲೆ ಹಚ್ಚಿದಳು.

"ಅಯ್ಯೋ ಮಂಕೇ! ಹೆಂಚಿನ ಚೂರಲ್ಲಿಟ್ಟು ಉಫ್ ಉಫ್ ಅಂತ ಊದ್ತಾ ತರಬೇಕು ಕಣೋ!"

"ಹಂಗೇ ಆಗಲವ್ವ."

ಆಮೇಲೆ ಹಿಟ್ಟು ತರೋಕೆ ಹೋದ. ಹೆಂಚಿನ ಚೂರಲ್ಲಿಟ್ಟ. ಉಫ್ ಅಂದ, ಉಫ್ ಉಫ್ ಅಂದ. ಬಾಗಿಲಿಗೆ ಬಂದಾಗ ಹೆಂಚು ಖಾಲಿ, ಮೊಗಣ್ಣನ ಮೀಸೆ ಬೆಳ್ಳಗೆ!

ಸಾಕಮ್ಮ ಗೋಡೆ ಮೇಲಿಂದ ಬಗ್ಗಿ ಕೂಗಿದಳು: "ಕೊಟ್ಟದ್ದು ಗಾಳಿಗೆ ತೂರ್ತೀರಲ್ಲ, ವಾಪಸ್ ಯಾವಾಗ ಕೊಡ್ತೀರ?"

ಜವನಮ್ಮ ಹಣೆ ಚಚ್ಚಿಕೊಂಡಳು. "ಕೇಳಿದೆಯೇನೋ? ಬೇರೆಯವರ ಮನೆಯಿಂದ ತಂದದ್ದು ನಮ್ಮದಾಗುತ್ತಾ? ದೀಪ ಹಚ್ಚೋದರೊಳಗೆ ತಂದಲ್ಲಿಗೇ ಒಪ್ಪಿಸಬೇಕು. ಒಪ್ಪಿಸುವಾಗ ಮೇಲೊಂದು ಹಿಡಿ ಹೆಚ್ಚಿಗೆ ಹಾಕಬೇಕು. ಆಗ ಕೊಟ್ಟೋರು ಇನ್ನೊಂದು ಸಲ ಇಲ್ಲ ಅನ್ನಲ್ಲ."

"ಹಂಗೇ ಆಗಲವ್ವ."

ಅವಳು ತಾನೇ ಹೋಗಿ, ಸಾಕಮ್ಮನ ಗಲ್ಲ ಹಿಡಿದು ಹಿಟ್ಟು ತಂದು, ಒಲೆ ಮುಂದೆ ಕೂತಳು. ಮೊಗಣ್ಣ ಜಗಲಿ ಮೇಲೆ ಕೂತು ಯೋಚನೆ ಮಾಡಿದ. ಅಪರೂಪದ ಕೆಲಸ! ಬೇರೆಯವರ ಮನೆಯಿಂದ ಏನೇನು ತಂದೆ? ಎಣ್ಣೆ ಕಣಕಕ್ಕೆ ಹೋಯ್ತು. ಕೆಂಡ ಒಲೆಗೆ ಹೋಯ್ತು. ಹಿಟ್ಟು ಗಾಳಿಗೆ ಹೋಯ್ತು. ಇನ್ನೇನು ತಂದಿದ್ದೆ?

ಅಂಗಳದ ಕಡೆ ನೋಡಿದ.

ಹೊತ್ತು ಇಳಿಯಿತು. ಒಬ್ಬಟ್ಟಿನ ಘಮ ಬೀದಿ ತುಂಬ. ಜವನಮ್ಮ ಎಲೆ ಹಾಕಿ, "ಬನ್ರೋ ಮಕ್ಕಳಾ!" ಅಂತ ಕರೆದಳು. ಯಾರಿದ್ದಾರೆ? ಅಂಗಳ ಬಿಕೋ ಅಂತಿತ್ತು.

ಅಷ್ಟರಲ್ಲಿ ಸಾಕಮ್ಮ ಓಡಿ ಬಂದಳು. "ಜವನಕ್ಕಾ, ನಮ್ಮ ದುಂಡ ಎಲ್ಲೂ ಕಾಣ್ತಿಲ್ಲ!"

ಅವಳ ಹಿಂದೆಯೇ ಮೊಗಣ್ಣ, ಬೆವರು ಒರೆಸಿಕೊಳ್ಳುತ್ತಾ, ರಾಜ್ಯ ಗೆದ್ದವನ ಹಾಗೆ. "ಒಪ್ಪಿಸಿ ಬಂದೆ ಕಣವ್ವ! ಮೂರು ತಂದಿದ್ದೆ, ದೀಪ ಹಚ್ಚೋದರೊಳಗೆ ಮೂರೂ ಅತ್ತೆ ಕೈಗೆ ಎಣಿಸಿ ಕೊಟ್ಟೆ!"

"ಅಯ್ಯೋ ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದೋನೇ! ಹಸಿದ ಹೊಟ್ಟೇಲಿ ಕರಕೊಂಡು ಹೋದೆಯಾ? ಅತ್ತಿಗೆ ಏನಂದಳೋ?"

"'ನಾನು ಹೇಳಿರಲಿಲ್ವ?' ಅಂತ ನಕ್ಕಳು. ಆಮೇಲೆ ಬಾಯಿ ಮುಚ್ಚಿಬಿಟ್ಟಳು ಕಣವ್ವ, ನೀನು ಅಂದುಕೊಂಡ ಹಾಗೇ!"

"ಯಾಕೋ?"

"ಮೇಲೊಂದು ಹೆಚ್ಚಿಗೆ ಹಾಕಿದೆನಲ್ಲ, ಸಾಕಮ್ಮಕ್ಕನ ದುಂಡನ್ನ! ಇನ್ನು ಅತ್ತೆ ಯಾವತ್ತೂ ಇಲ್ಲ ಅನ್ನಲ್ಲ!"